ಒಂಟಿಗೈ ಮೇಷ್ಟ್ರು ಕಂಡ ಹರಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿಯಲ್ಲಿ ಕುರ್ಚಿಗಳು ಸಾಲುವುದಿಲ್ಲ. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ತಂದೆ ಮುಂದೆ, ತಲೆ ತಗ್ಗಿಸಿಕೊಂಡು ಮಗನೋ ಮಗಳೋ ಹಿಂದೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಮೇಷ್ಟ್ರೇ, ಇವನಿಗೆ ಸೈನ್ಸ್ ಆಗುತ್ತಾ?" ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ಇದಕ್ಕೆ ಉತ್ತರ ನನಗೆ ಗೊತ್ತಿರಲೇಬೇಕೆಂದು ಅವರ ನಂಬಿಕೆ. ಬಹಳ ವರ್ಷ ನಾನೂ ಹಾಗೆಯೇ ನಂಬಿದ್ದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಬಂದಿದ್ದ. ವಿಜ್ಞಾನದಲ್ಲಿ ತರಗತಿಗೇ ಮೊದಲಿಗ. ಎಳವೆಯಲ್ಲಿ ಜ್ವರ ಬಂದು ಅವನ ಬಲಗೈ ಸೊರಗಿಹೋಗಿತ್ತು. ಎಡಗೈಯಲ್ಲೇ ಮುದ್ದಾಗಿ ಬರೆಯುತ್ತಿದ್ದ. ಅವನ ತಂದೆಗೆ ನಾನು ಒಂದು ಕ್ಷಣವೂ ಯೋಚಿಸದೆ ಹೇಳಿದೆ: "ಪಿಯುಸಿಯಲ್ಲಿ ಪ್ರಾಕ್ಟಿಕಲ್ ಇರುತ್ತೆ. ಒಂದು ಕೈಯಲ್ಲಿ ಬ್ಯುರೆಟ್ ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಫ್ಲಾಸ್ಕ್ ಅಲುಗಾಡಿಸಬೇಕು. ಪಾಪ, ಕಷ್ಟ. ಕಾಮರ್ಸ್‌ಗೆ ಹಾಕಿ." ಅವರು ಕೈಮುಗಿದು ಹೊರಟುಹೋದರು. ಹುಡುಗ ಏನೂ ಮಾತಾಡಲಿಲ್ಲ.

ನಾನು ಹೇಳಿದ್ದು ಅವನ ಒಳ್ಳೆಯದಕ್ಕೇ. ಆದರೆ ಕೆಲವು ವರ್ಷಗಳ ನಂತರ ಜೇಮ್ಸ್ ಬ್ಯಾಚೆಲರ್ ಸಮ್ನರ್ ಎಂಬ ಅಮೆರಿಕದ ಜೀವರಸಾಯನ ವಿಜ್ಞಾನಿಯ ಜೀವನವನ್ನು ಓದಿದಾಗ ನನ್ನ ಮುಖ ಸಣ್ಣದಾಯಿತು. ಹೆಚ್ಚುಕಡಿಮೆ ಅದೇ ಮಾತನ್ನು ಆತನಿಗೂ ಒಬ್ಬರು ಹೇಳಿದ್ದರು. ಆತ ಕೇಳಲಿಲ್ಲ. ಕೇಳದೇ ಇದ್ದದ್ದರಿಂದ ಕಿಣ್ವಗಳು ಎಂದರೇನು ಎಂಬುದು ಜಗತ್ತಿಗೆ ತಿಳಿಯಿತು.

ಬೇಟೆಯಲ್ಲಿ ಹೋದ ಕೈ

ಸಮ್ನರ್ ಹುಟ್ಟಿದ್ದು 1887ರ ನವೆಂಬರ್ 19ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಮನೆಯವರು ಅನುಕೂಲಸ್ಥರು. ಶಾಲೆಯಲ್ಲಿ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನ ಬಿಟ್ಟರೆ ಬೇರೆ ಯಾವ ಪಾಠವೂ ಹುಡುಗನಿಗೆ ರುಚಿಸುತ್ತಿರಲಿಲ್ಲ. ಬಂದೂಕು ಹಿಡಿದು ಹಕ್ಕಿ ಬೇಟೆಗೆ ಹೋಗುವುದೆಂದರೆ ಮಾತ್ರ ಪ್ರಾಣ.

ಹದಿನೇಳನೇ ವಯಸ್ಸಿನಲ್ಲಿ ಹೀಗೆ ಬೇಟೆಗೆ ಹೋದಾಗ ಜೊತೆಗಾರನ ಬಂದೂಕಿನ ಗುಂಡು ಆಕಸ್ಮಿಕವಾಗಿ ಆತನ ಎಡಗೈಗೆ ತಗುಲಿತು. ಮೊಣಕೈಯ ಕೆಳಗೆ ಕೈಯನ್ನು ಕತ್ತರಿಸಬೇಕಾಯಿತು. ದುರ್ದೈವವೆಂದರೆ ಸಮ್ನರ್ ಎಡಚ. ಬರೆಯುವ, ಎಸೆಯುವ, ಹಿಡಿಯುವ ಕೈಯೇ ಹೋಗಿತ್ತು. ಆತ ಎಲ್ಲವನ್ನೂ ಬಲಗೈಯಲ್ಲಿ ಹೊಸದಾಗಿ ಕಲಿತ. ಅಷ್ಟಕ್ಕೇ ಸುಮ್ಮನಾಗದೆ ಟೆನಿಸ್ ಆಡಿದ, ಮಂಜಿನ ಮೇಲೆ ಜಾರುವ ಸ್ಕೀಯಿಂಗ್ ಕಲಿತ, ಬಿಲಿಯರ್ಡ್ಸ್ ಆಡಿದ. ಎರಡು ಕೈಯವರು ಮಾಡುವುದನ್ನು ಒಂದು ಕೈಯಲ್ಲಿ ಮಾಡಿ ತೋರಿಸುವ ಹಟ ಕಡೆಯವರೆಗೂ ಹೋಗಲಿಲ್ಲ.

1906ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯ ಸೇರಿದ ಸಮ್ನರ್ ಮೊದಲು ಆರಿಸಿಕೊಂಡದ್ದು ವಿದ್ಯುತ್ ಎಂಜಿನಿಯರಿಂಗ್. ಅದು ಹಿಡಿಸದೆ ರಸಾಯನವಿಜ್ಞಾನಕ್ಕೆ ಬದಲಾಯಿಸಿಕೊಂಡು 1910ರಲ್ಲಿ ಪದವಿ ಪಡೆದ. ಸ್ವಲ್ಪ ಕಾಲ ಚಿಕ್ಕಪ್ಪನ ಹತ್ತಿಬಟ್ಟೆ ಕಾರ್ಖಾನೆಯಲ್ಲಿ ದುಡಿದ. ಅನಂತರ ಕೆನಡಾದ ಒಂದು ಕಾಲೇಜಿನಲ್ಲಿ ಕೆಲವು ತಿಂಗಳು ಪಾಠ ಹೇಳಿದ. ಮಕ್ಕಳು ಒಂದು ಕೋರ್ಸಿನಿಂದ ಇನ್ನೊಂದಕ್ಕೆ ಬದಲಾದರೆ "ಒಂದು ವರ್ಷ ದಂಡ" ಎಂದು ಕೊರಗುವ ಪೋಷಕರು ಈ ಸಾಲುಗಳನ್ನು ಇನ್ನೊಮ್ಮೆ ಓದಬಹುದು.

1912ರಲ್ಲಿ ಸಮ್ನರ್ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಹೋಗಿ ಪ್ರೊಫೆಸರ್ ಓಟೋ ಫೋಲಿನ್ ಎದುರು ನಿಂತ. ರಕ್ತ, ಮೂತ್ರಗಳಲ್ಲಿರುವ ಪದಾರ್ಥಗಳನ್ನು ಕರಾರುವಾಕ್ಕಾಗಿ ಅಳೆಯುವುದರಲ್ಲಿ ಫೋಲಿನ್ ದೊಡ್ಡ ಹೆಸರು. ಅವರು ಹುಡುಗನ ಕೈ ನೋಡಿ ಹೇಳಿದ್ದು: ಒಂದೇ ಕೈಯವನಿಗೆ ರಸಾಯನವಿಜ್ಞಾನ ದಕ್ಕುವುದಿಲ್ಲ, ಕಾನೂನು ಓದು. ಫೋಲಿನ್ ಕೆಟ್ಟವರಲ್ಲ. ಹಿತವನ್ನೇ ಬಯಸಿದ್ದರು, ನಾನು ಬಯಸಿದ ಹಾಗೆ. ಆದರೆ ಸಮ್ನರ್ ಬಾಗಿಲು ಬಿಟ್ಟು ಕದಲಲಿಲ್ಲ. ಫೋಲಿನ್ ಸೇರಿಸಿಕೊಂಡರು. ಎರಡೇ ವರ್ಷದಲ್ಲಿ, 1914ರ ಜೂನ್‌ನಲ್ಲಿ, ಸಮ್ನರ್‌ಗೆ ಪಿಎಚ್.ಡಿ. ಸಿಕ್ಕಿತು.

ಪದವಿ ಪಡೆದ ಮೇಲೆ ಯುರೋಪ್ ಪ್ರವಾಸಕ್ಕೆ ಹೋದಾಗ ಮೊದಲನೇ ಮಹಾಯುದ್ಧ ಶುರುವಾಗಿ ಸ್ವಿಟ್ಜರ್ಲೆಂಡಿನಲ್ಲಿ ಒಂದು ತಿಂಗಳು ಸಿಕ್ಕಿಕೊಂಡ. ಅಲ್ಲಿಗೇ ತಂತಿ ಬಂತು: ಇಥಾಕ ಊರಿನಲ್ಲಿರುವ ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ. ಮುಂದೆ ನಲವತ್ತು ವರ್ಷ ಆತನ ಬದುಕು ಅಲ್ಲೇ ಕಳೆಯಿತು.

ಕಿಣ್ವವೆಂಬ ಒಗಟು

ಇಲ್ಲಿ ಕಥೆಯನ್ನು ಒಂದು ನಿಮಿಷ ನಿಲ್ಲಿಸಿ, ಕಿಣ್ವವೆಂದರೇನು ನೋಡೋಣ. ಒಂದು ಹಿಡಿ ಗಟ್ಟಿ ಅವಲಕ್ಕಿಯನ್ನು ನುಂಗದೆ ಬಾಯಲ್ಲೇ ಅಗಿಯುತ್ತಿರಿ. ಸ್ವಲ್ಪ ಹೊತ್ತಿಗೆ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಅವಲಕ್ಕಿಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿದ್ದೇ ಇದಕ್ಕೆ ಕಾರಣ. ಮಾಂಸ ಬೇಗ ಬೇಯಲೆಂದು ಪರಂಗಿಕಾಯಿಯ ಚೂರು ಹಾಕುವ ಅಡುಗೆಯವರೂ ಕಿಣ್ವವನ್ನೇ ಬಳಸುತ್ತಾರೆ. ನಮ್ಮ ಮೈಯಲ್ಲಿ ಕ್ಷಣಕ್ಷಣವೂ ನಡೆಯುವ ಸಾವಿರಾರು ರಾಸಾಯನಿಕ ಕ್ರಿಯೆಗಳಿಗೆ ಒಂದೊಂದಕ್ಕೂ ಇಂಥ ಒಬ್ಬ ಕೆಲಸಗಾರ ಬೇಕು. ಕಿಣ್ವ ಕ್ರಿಯೆಯನ್ನು ಬೇಗ ನಡೆಸುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ.

ಕಿಣ್ವಗಳ ಕೆಲಸ ವಿಜ್ಞಾನಿಗಳಿಗೆ ಹತ್ತೊಂಬತ್ತನೇ ಶತಮಾನದಲ್ಲೇ ಗೊತ್ತಿತ್ತು. ಆದರೆ ಅವು ಯಾವ ಪದಾರ್ಥದಿಂದ ಆಗಿವೆ? ಪ್ರೋಟೀನೋ, ಸಕ್ಕರೆಯೋ, ಬೇರೆಯೇನೋ? ಯಾರೂ ಶುದ್ಧ ಕಿಣ್ವವನ್ನು ಕಣ್ಣಿನಿಂದ ಕಂಡಿರಲಿಲ್ಲ. ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ಆ ಕಾಲದ ಮಹಾಪಂಡಿತ. ಹಸಿರೆಲೆಯ ಬಣ್ಣದ ಬಗೆಗಿನ ಸಂಶೋಧನೆಗೆ 1915ರ ನೊಬೆಲ್ ಪಡೆದವರು. ಅವರು ಕಿಣ್ವವೊಂದನ್ನು ಎಷ್ಟು ಶುದ್ಧಮಾಡಿದರೆಂದರೆ ಆ ದ್ರಾವಣದಲ್ಲಿ ಪ್ರೋಟೀನಿನ ಪರೀಕ್ಷೆ ಮಾಡಿದರೆ ಏನೂ ಕಾಣಲಿಲ್ಲ. ಕಿಣ್ವದ ಕೆಲಸ ಮಾತ್ರ ನಡೆಯುತ್ತಲೇ ಇತ್ತು. ಆದ್ದರಿಂದ ಕಿಣ್ವ ಪ್ರೋಟೀನ್ ಅಲ್ಲ, ಪ್ರೋಟೀನ್ ಬರೀ ಅದನ್ನು ಹೊತ್ತು ತಿರುಗುವ ವಾಹನ ಎಂದು ಅವರು ತೀರ್ಮಾನಿಸಿದರು. ನಿಜವಾಗಿ ಅಲ್ಲಿ ಪ್ರೋಟೀನ್ ಇತ್ತು. ಅದು ಬಹಳ ಸ್ವಲ್ಪವಿತ್ತು, ಆ ಕಾಲದ ಪರೀಕ್ಷೆಗೆ ಸಿಗುವಷ್ಟಿರಲಿಲ್ಲ. ಪರೀಕ್ಷೆಯಲ್ಲಿ ಕಾಣದ್ದು ಇಲ್ಲವೇ ಇಲ್ಲ ಎಂದುಕೊಂಡದ್ದು ತಪ್ಪಾಯಿತು. ಮಕ್ಕಳ ಪರೀಕ್ಷೆಗಳ ವಿಚಾರದಲ್ಲೂ ನಾವು ಈ ತಪ್ಪು ಮಾಡುವುದುಂಟು.

ಕಾಫಿ ಮಿಲ್ಲು, ಕಿಟಕಿಯ ಚಳಿ

ಕಾರ್ನೆಲ್‌ನಲ್ಲಿ ಸಮ್ನರ್‌ಗೆ ಪಾಠದ ಹೊರೆ ಭಾರಿ ಇತ್ತು. ಸಂಶೋಧನೆಗೆ ಸಮಯ ಕಡಿಮೆ, ಹಣ ಕಡಿಮೆ, ಉಪಕರಣ ಕಡಿಮೆ, ಸಹಾಯಕರೂ ಇಲ್ಲ. ಇಂಥ ಸ್ಥಿತಿಯಲ್ಲಿ ಬಹಳ ಜನ ಸಣ್ಣಪುಟ್ಟ ಕೆಲಸ ಆರಿಸಿಕೊಳ್ಳುತ್ತಾರೆ. ಸಮ್ನರ್ ತಿರುಗುಮುರುಗಾಗಿ ಯೋಚಿಸಿದ. ಇರುವ ಅಲ್ಪ ಸಮಯವನ್ನು ಖರ್ಚು ಮಾಡುವುದಾದರೆ ನಿಜವಾಗಿ ದೊಡ್ಡದೊಂದು ಪ್ರಶ್ನೆಗೇ ಖರ್ಚು ಮಾಡಬೇಕು, ಸೋತರೂ ಚಿಂತೆಯಿಲ್ಲ. 1917ರಲ್ಲಿ ಆತ ನಿರ್ಧರಿಸಿದ: ಒಂದು ಕಿಣ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿಯೇ ತೀರುತ್ತೇನೆ. ಇದು ಹುಚ್ಚು ಎಂದು ಹಲವರು ಹೇಳಿದರು.

ಆರಿಸಿಕೊಂಡದ್ದು ಯೂರಿಯೇಸ್ ಎಂಬ ಕಿಣ್ವವನ್ನು. ಇದು ಯೂರಿಯಾವನ್ನು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ತೇವದ ಹೊಲದ ಮೇಲೆ ಯೂರಿಯಾ ಗೊಬ್ಬರ ಚೆಲ್ಲಿ ಹಾಗೆಯೇ ಬಿಟ್ಟರೆ ಸಾರಜನಕದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದಲ್ಲ, ಅದು ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಮಾಡುವ ಕೆಲಸ. ರಕ್ತದ ಯೂರಿಯಾ ಅಳೆಯಲು ಸಮ್ನರ್ ಜಾಕ್ ಬೀನ್ ಎಂಬ, ನಮ್ಮ ಅವರೆ, ಹುರುಳಿಗಳ ಕುಲದ ದಪ್ಪ ಬಿಳಿ ಕಾಳಿನ ಹಿಟ್ಟನ್ನು ಬಳಸುತ್ತಿದ್ದ. ಅದರಲ್ಲಿ ಯೂರಿಯೇಸ್ ತುಂಬಿತುಳುಕುತ್ತಿತ್ತು. ಪದಾರ್ಥ ಹೆಚ್ಚಿರುವ ಕಡೆ ಹುಡುಕಿದರೆ ಸಿಕ್ಕೀತು ಎಂಬ ಸರಳ ಲೆಕ್ಕ ಆತನದು.

ಲೆಕ್ಕ ಸರಳ, ಕೆಲಸ ಸರಳವಲ್ಲ. ಕಲ್ಲಿನಂಥ ಆ ಕಾಳನ್ನು ಮೊದಮೊದಲು ಕಾಫಿ ಬೀಜ ಪುಡಿಮಾಡುವ ಮಿಲ್ಲಿನಲ್ಲಿ ಬೀಸಿಕೊಳ್ಳುತ್ತಿದ್ದ. ಹಿಟ್ಟನ್ನು ನೀರು ಬೆರೆಸಿದ ಆಲ್ಕೋಹಾಲಿನಲ್ಲಿ ಕದಡಿ, ಸೋಸಿ, ತಣ್ಣಗೆ ಇಡಬೇಕು. ಪ್ರಯೋಗಾಲಯದಲ್ಲಿ ಐಸ್ ಪೆಟ್ಟಿಗೆ ಇರಲಿಲ್ಲ. ಜಾಡಿಗಳನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು, ಇವತ್ತು ರಾತ್ರಿ ಚೆನ್ನಾಗಿ ಚಳಿ ಬೀಳಲಿ ಎಂದು ಬೇಡಿಕೊಳ್ಳುತ್ತಿದ್ದ. ಹೀಗೆ ಒಂದಲ್ಲ ಎರಡಲ್ಲ, ಒಂಬತ್ತು ವರ್ಷ.

ಈ ನಡುವೆ 1921ರಲ್ಲಿ ಒಂದು ಫೆಲೋಶಿಪ್ ಸಿಕ್ಕಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ಗೆ ಹೋದ. ಕಿಣ್ವಗಳ ಬಗ್ಗೆ ಗ್ರಂಥಗಳನ್ನೇ ಬರೆದಿದ್ದ ಜ್ಯಾಂ ಎಫ್ರಾಂ ಎಂಬವರ ಬಳಿ ಕೆಲಸ ಮಾಡುವ ಆಸೆ. ಅವರೋ, ಯೂರಿಯೇಸನ್ನು ಬೇರ್ಪಡಿಸುವ ಯೋಚನೆಯೇ ನಗೆಪಾಟಲು ಎಂದುಬಿಟ್ಟರು. ಸಮ್ನರ್ ಇಥಾಕಕ್ಕೆ ಮರಳಿ ಮತ್ತೆ ಹಿಟ್ಟು ಕದಡಲು ಕುಳಿತ.

ಒಂದು ಬೆಳಿಗ್ಗೆ

1926ರಲ್ಲಿ ಆತ ಆಲ್ಕೋಹಾಲಿನ ಬದಲು ಅಸಿಟೋನ್ ಬಳಸಿ ನೋಡಿದ. ಹಿಟ್ಟನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ಅಸಿಟೋನ್ ಇರುವ ನೀರಿನಲ್ಲಿ ಕದಡಿ, ಸೋಸಲು ಬಿಟ್ಟು, ರಾತ್ರಿಯಿಡೀ ತಣ್ಣಗಿಟ್ಟ. ಬೆಳಿಗ್ಗೆ ಬಂದು ಸೋಸಿದ ದ್ರವದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಪುಟ್ಟಪುಟ್ಟ ಹರಳುಗಳು ಕಂಡವು. ಅವನ್ನು ಬೇರೆಮಾಡಿ ನೀರಿನಲ್ಲಿ ಕರಗಿಸಿ ಪರೀಕ್ಷಿಸಿದ. ಪ್ರೋಟೀನಿನ ಪರೀಕ್ಷೆ ಗೆದ್ದಿತು. ಯೂರಿಯಾಕ್ಕೆ ಬೆರೆಸಿದರೆ ಅದನ್ನು ಭರದಿಂದ ಒಡೆಯಿತು. ಸಮ್ನರ್ ಫೋನ್ ಎತ್ತಿ ಮೊದಲು ತಿಳಿಸಿದ್ದು ಪತ್ನಿಗೆ: ಮೊತ್ತಮೊದಲ ಕಿಣ್ವವನ್ನು ಹರಳುಗಟ್ಟಿಸಿದ್ದೇನೆ ಎಂದು.

ಹರಳಿಗೆ ಏಕಿಷ್ಟು ಮಹತ್ವ? ಕಲ್ಲುಸಕ್ಕರೆಯನ್ನು ನೆನೆಸಿಕೊಳ್ಳಿ. ಒಂದೇ ಬಗೆಯ ಅಣುಗಳು ಸಾಲಾಗಿ, ಓರಣವಾಗಿ ಕುಳಿತಾಗ ಮಾತ್ರ ಹರಳಾಗುತ್ತದೆ. ಬೆಲ್ಲದ ಪಾಕದಲ್ಲಿ ಹತ್ತು ಪದಾರ್ಥ ಬೆರೆತಿರುವುದರಿಂದಲೇ ಅದು ಹಾಗೆ ಚೊಕ್ಕವಾಗಿ ಹರಳುಗಟ್ಟುವುದಿಲ್ಲ. ಕಿಣ್ವ ಹರಳಾಯಿತೆಂದರೆ ಅದು ಅಗೋಚರ ಶಕ್ತಿಯಲ್ಲ, ಉಪ್ಪು ಸಕ್ಕರೆಗಳಂತೆ ಹಿಡಿದು, ತೂಗಿ, ಅಳೆಯಬಹುದಾದ ಒಂದು ವಸ್ತು. ಆ ವಸ್ತು ಪ್ರೋಟೀನ್ ಎಂಬುದು ಸಮ್ನರ್ ವಾದ.

ಜಗತ್ತು ಒಪ್ಪಿತೇ? ಇಲ್ಲ. ಆ ವರ್ಷವೇ ಪ್ರಕಟವಾದ ಆತನ ಲೇಖನವನ್ನು ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ವಿಲ್‌ಸ್ಟೆಟರ್ ಮತ್ತು ಅವರ ಶಿಷ್ಯರು, ಹರಳು ಪ್ರೋಟೀನೇ ಇರಬಹುದು, ಕಿಣ್ವ ಅದಕ್ಕೆ ಅಂಟಿಕೊಂಡ ಕಸ ಎಂದರು. ಹಳ್ಳಿಗಾಡಿನ ಕಾಲೇಜಿನ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್ ಒಂದು ಕಡೆ, ನೊಬೆಲ್ ಪಡೆದ ಪಂಡಿತ ಇನ್ನೊಂದು ಕಡೆ. ಸಮ್ನರ್ ಜಗಳಕ್ಕಿಂತ ಹೆಚ್ಚಾಗಿ ಪ್ರಯೋಗವನ್ನೇ ನಂಬಿದ. ಹರಳನ್ನು ಕರಗಿಸಿ ಮತ್ತೆ ಹರಳುಗಟ್ಟಿಸಿದರೂ ಕಿಣ್ವದ ಶಕ್ತಿ ಹರಳಿನ ಜೊತೆಗೇ ಇರುತ್ತದೆ ಎಂದು ತೋರಿಸುತ್ತ ಲೇಖನದ ಮೇಲೆ ಲೇಖನ ಬರೆದ. 1929ರಲ್ಲಿ ಪೂರ್ಣ ಪ್ರೊಫೆಸರ್ ಆದ.

1930ರಲ್ಲಿ ರಾಕ್‌ಫೆಲರ್ ಸಂಸ್ಥೆಯ ಜಾನ್ ನಾರ್ತ್ರಪ್, ಜಠರದಲ್ಲಿ ಪ್ರೋಟೀನನ್ನು ಜೀರ್ಣಿಸುವ ಪೆಪ್ಸಿನ್ ಕಿಣ್ವವನ್ನು ಹರಳುಗಟ್ಟಿಸಿದರು. ಅದೂ ಪ್ರೋಟೀನೇ. ಅಲ್ಲಿಂದ ಗಾಳಿ ತಿರುಗಿತು. 1937ರಲ್ಲಿ ಸಮ್ನರ್ ಶಿಷ್ಯ ಡೌನ್ಸ್ ಜೊತೆಗೂಡಿ ಕ್ಯಾಟಲೇಸ್ ಎಂಬ ಇನ್ನೊಂದು ಕಿಣ್ವವನ್ನೂ ಹರಳಾಗಿಸಿದ. 1946ರ ರಸಾಯನವಿಜ್ಞಾನದ ನೊಬೆಲ್ ಬಹುಮಾನದಲ್ಲಿ ಅರ್ಧ ಭಾಗ ಸಮ್ನರ್‌ಗೆ ಬಂತು. ಉಳಿದರ್ಧವನ್ನು ನಾರ್ತ್ರಪ್ ಮತ್ತು ತಂಬಾಕು ಗಿಡದ ವೈರಸ್ಸನ್ನು ಹರಳುಗಟ್ಟಿಸಿದ ವೆಂಡೆಲ್ ಸ್ಟ್ಯಾನ್ಲಿ ಹಂಚಿಕೊಂಡರು. ಕಾಫಿ ಮಿಲ್ಲಿನ ಹಿಟ್ಟಿಗೂ ಈ ಬಹುಮಾನಕ್ಕೂ ನಡುವೆ ಇಪ್ಪತ್ತೊಂಬತ್ತು ವರ್ಷ ಕಳೆದಿದ್ದವು.

ಪಾಠ ಹೇಳುವುದನ್ನು ಆತ ಬಿಡಲಿಲ್ಲ. ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆದ. ಕಿಣ್ವಗಳ ಮೇಲೆ ದೊಡ್ಡ ಸಂಪುಟಗಳನ್ನು ಸಂಪಾದಿಸಿದ. ನಿವೃತ್ತಿಯ ನಂತರ ಬ್ರೆಜಿಲ್‌ಗೆ ಹೋಗಿ ಅಲ್ಲೊಂದು ಕಿಣ್ವ ಸಂಶೋಧನಾ ವಿಭಾಗ ಕಟ್ಟಿಕೊಡುವ ತಯಾರಿಯಲ್ಲಿದ್ದಾಗ, 1955ರ ಆಗಸ್ಟ್ 12ರಂದು ಕ್ಯಾನ್ಸರ್‌ನಿಂದ ತೀರಿಕೊಂಡ.

ವಿಜ್ಞಾನದಲ್ಲಿ ಕೊನೆಯ ಮಾತು ಯಾರದೂ ಅಲ್ಲ. ಕೆಲವು ಕಿಣ್ವಗಳು ಪ್ರೋಟೀನ್ ಅಲ್ಲ, ಆರ್‌ಎನ್‌ಎ ಎಂದು 1980ರ ದಶಕದಲ್ಲಿ ತಿಳಿಯಿತು; ಅದಕ್ಕೂ 1989ರಲ್ಲಿ ನೊಬೆಲ್ ಬಂತು. ಸಮ್ನರ್ ಹರಳಿನೊಳಗೆ ನಿಕ್ಕಲ್ ಲೋಹವಿದೆ ಎಂಬುದು 1975ರಲ್ಲಿ ಗೊತ್ತಾಯಿತು. ಆ ಕಾಳಿನ ಯೂರಿಯೇಸ್ ಅಣುವಿನ ಪೂರ್ತಿ ರಚನೆಯನ್ನು ಬಿಡಿಸಿ 2010ರಲ್ಲಿ ಪ್ರಕಟಿಸಿದವರು ಯಾರು ಗೊತ್ತೇ? ನಮ್ಮ ನೆರೆಯ ಚೆನ್ನೈಯ ಮದ್ರಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು. ಇಥಾಕದಲ್ಲಿ ಮೊದಲಾದ ಕೆಲಸ ಎಂಟು ದಶಕ ದಾಟಿ ದಕ್ಷಿಣ ಭಾರತದಲ್ಲಿ ಒಂದು ಹಂತ ಮುಟ್ಟಿತು.

ಮಾಡಿ ನೋಡಿ

ಯೂರಿಯೇಸನ್ನು ನಿಮ್ಮ ಶಾಲೆಯಲ್ಲೂ ಕಾಣಬಹುದು. ಹುರಿಯದ ಸೋಯಾ ಅವರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ. ಎರಡು ಪ್ರನಾಳಗಳಲ್ಲಿ ಯೂರಿಯಾ ದ್ರಾವಣ ತೆಗೆದುಕೊಳ್ಳಿ. ಒಂದಕ್ಕೆ ಸೋಸಿದ ನೀರನ್ನು ಹಾಗೆಯೇ ಹಾಕಿ, ಇನ್ನೊಂದಕ್ಕೆ ಅದೇ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಹಾಕಿ. ಸ್ವಲ್ಪ ಹೊತ್ತು ಬಿಟ್ಟು ಎರಡರಲ್ಲೂ ಕೆಂಪು ಲಿಟ್ಮಸ್ ಅದ್ದಿ. ಮೊದಲನೆಯದರಲ್ಲಿ ಅಮೋನಿಯಾ ಉಂಟಾಗಿ ಕಾಗದ ನೀಲಿಯಾಗುತ್ತದೆ. ಕುದಿಸಿದ್ದರಲ್ಲಿ ಆಗುವುದಿಲ್ಲ. ಮೊಟ್ಟೆಯ ಬಿಳಿ ಬೆಂದಾಗ ಗಟ್ಟಿಯಾಗುವಂತೆ ಕಿಣ್ವದ ಪ್ರೋಟೀನೂ ಬಿಸಿಗೆ ಕೆಟ್ಟಿರುತ್ತದೆ. ಶಿಕ್ಷಕರ ಎದುರಿನಲ್ಲೇ ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಈ ದಾರಿಯಲ್ಲಿ ಮುಂದೆ ಹೋಗಬೇಕೆನ್ನುವವರು ಪಿಯುಸಿಯಲ್ಲಿ ರಸಾಯನವಿಜ್ಞಾನ, ಜೀವವಿಜ್ಞಾನ ಓದಿ, ಬಿಎಸ್ಸಿಯಲ್ಲಿ ಜೀವರಸಾಯನ ವಿಜ್ಞಾನವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಅನಂತರ ಎಂಎಸ್ಸಿ. ಐಐಟಿಗಳಲ್ಲಿ ಎಂಎಸ್ಸಿ ಸೇರಲು ಜಾಮ್ ಪರೀಕ್ಷೆ ಇದೆ. ಸಂಶೋಧನೆಗೆ ಮಾಸಿಕ ಫೆಲೋಶಿಪ್ ಬೇಕಾದರೆ ಸಿಎಸ್‌ಐಆರ್-ಯುಜಿಸಿ ನೆಟ್ ಬರೆಯಬೇಕು. ನಮ್ಮ ರಾಜ್ಯದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ 1921ರಿಂದ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ವಿಜ್ಞಾನದಲ್ಲಿ ತೊಡಗಿದೆ. ಇನ್ನೊಂದು ಮಾತು ಪೋಷಕರಿಗೆ: ನಲವತ್ತು ಶೇಕಡಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5 ಶೇಕಡ ಸೀಟು ಮೀಸಲಿಡಬೇಕೆಂದು 2016ರ ಕಾಯಿದೆ ಹೇಳುತ್ತದೆ. ಕೇಳಿ ಪಡೆದುಕೊಳ್ಳಿ.

ಬ್ಯುರೆಟ್ ಮಾತು

ಸಮ್ನರ್ ಕಥೆ ಓದಿದ ಮರುದಿನ, ಶಾಲೆ ಬಿಟ್ಟ ಮೇಲೆ ನಾನೊಬ್ಬನೇ ಪ್ರಯೋಗಾಲಯದಲ್ಲಿ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಟೈಟ್ರೇಶನ್ ಮಾಡಿ ನೋಡಿದೆ. ಬ್ಯುರೆಟ್ ಹೇಗೂ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ. ಎಡಗೈಯಲ್ಲಿ ಸ್ವಲ್ಪ ಬಿಡುವುದು, ನಲ್ಲಿ ಮುಚ್ಚುವುದು, ಅದೇ ಕೈಯಲ್ಲಿ ಫ್ಲಾಸ್ಕ್ ಅಲುಗಾಡಿಸುವುದು, ಮತ್ತೆ ಬಿಡುವುದು. ಹೊತ್ತು ಹೆಚ್ಚು ಹಿಡಿಯಿತು. ಉತ್ತರ ಸರಿಯಾಗಿಯೇ ಬಂತು. ಆ ಹುಡುಗನಿಗೆ "ಆಗುವುದಿಲ್ಲ" ಎನ್ನುವ ಮೊದಲು ನಾನು ಮಾಡಬೇಕಿದ್ದ ಪ್ರಯೋಗ ಅದು. ಹತ್ತು ನಿಮಿಷದ ಕೆಲಸ.

ಅವನು ಈಗ ಬ್ಯಾಂಕಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ, ಸುಖವಾಗಿದ್ದಾನೆ. ಸಿಕ್ಕಾಗ "ಸಾರ್" ಎಂದು ಎದ್ದು ನಿಲ್ಲುತ್ತಾನೆ. ಒಮ್ಮೆ ಧೈರ್ಯ ಮಾಡಿ ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. ನಕ್ಕುಬಿಟ್ಟ. "ಹೋಗ್ಲಿ ಬಿಡಿ ಸಾರ್, ಆಗ ನೀವು ಒಂದು ಮಾತು ನನ್ನನ್ನೂ ಕೇಳಿದ್ದರೆ ಸಾಕಿತ್ತು" ಎಂದ.

ಆದ್ದರಿಂದ ಈಗ ಜಗಲಿಗೆ ಯಾರೇ ಬಂದರೂ ತಂದೆಯ ಪ್ರಶ್ನೆಗೆ ತಕ್ಷಣ ಉತ್ತರ ಕೊಡುವುದಿಲ್ಲ. ಹಿಂದೆ ನಿಂತ ಮಗುವನ್ನು ಮುಂದೆ ಕರೆದು ಕೂರಿಸಿಕೊಂಡು, "ನಿನಗೆ ಯಾವುದು ಇಷ್ಟ, ಹೇಳು ಮರಿ" ಎನ್ನುತ್ತೇನೆ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.